ಸದಸ್ಯತ್ವದ ಚೀಟಿ ಬ್ಯಾಗಿನಲ್ಲಿದೆ, ಸಹಿ ಇನ್ನೂ ಬಿದ್ದಿಲ್ಲ

ಕಫ್ ಹೊಲಿಯುವವಳು (ಚರ್ಚೆ ಆರಂಭಿಸಿದವರು)

ನಾನು ಮೈಸೂರು ರಸ್ತೆಯ ಬದಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್ ಆಗಿದ್ದೇನೆ. ಕಾರ್ಖಾನೆಯ ಹೆಸರನ್ನು ಬರೆಯುವುದಿಲ್ಲ, ದಯವಿಟ್ಟು ಯಾರೂ ಕೇಳಬಾರದು. ಸೇರಿ ನಾಲ್ಕು ವರ್ಷ ಎರಡು ತಿಂಗಳಾಯಿತು. ಹೋದ ವಾರ ಸಂಜೆ ಊರಿಗೆ ಮರಳುವ ಬಸ್ಸಿನಲ್ಲಿ ಫಿನಿಶಿಂಗ್ ವಿಭಾಗದ ಅಕ್ಕ ಒಬ್ಬರು ನಾಲ್ಕಾಗಿ ಮಡಚಿದ ಕಾಗದವೊಂದನ್ನು ನನ್ನ ಊಟದ ಬ್ಯಾಗಿನೊಳಗೆ ಇಟ್ಟು, ಮನೆಗೆ ಹೋಗಿ ಓದು ಎಂದರು. ಅದು ಕಾರ್ಮಿಕ ಸಂಘದ ಸದಸ್ಯತ್ವದ ಅರ್ಜಿ. ಹೆಸರು, ಟೋಕನ್ ನಂಬರು, ವಿಭಾಗ, ಸಹಿ ಎಂದು ನಾಲ್ಕೇ ಸಾಲುಗಳಿವೆ. ಆ ನಾಲ್ಕು ಸಾಲುಗಳನ್ನು ತುಂಬಲು ಎಂಟು ದಿನಗಳಿಂದ ನನ್ನಿಂದ ಆಗಿಲ್ಲ.

ಕಷ್ಟವಿಲ್ಲವೆಂದಲ್ಲ. ಆರು ತಿಂಗಳ ಹಿಂದೆ ಗಂಟೆಗೆ 60 ಪೀಸ್ ಇದ್ದ ಟಾರ್ಗೆಟ್ ಈಗ 75 ಆಗಿದೆ. ಅಷ್ಟು ಹೊಲಿಯಲಾಗದವರನ್ನು ಪಾಳಿ ಮುಗಿದ ಮೇಲೆ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ನಿಲ್ಲಿಸಿಕೊಳ್ಳುತ್ತಾರೆ, ಆ ಹೊತ್ತು ಓಟಿ (ಓವರ್‌ಟೈಮ್) ಲೆಕ್ಕಕ್ಕೆ ಸೇರುವುದಿಲ್ಲ. ಸೂಪರ್‌ವೈಸರ್ ಬಾಯಿಂದ ಬರುವ ಮಾತುಗಳನ್ನು ಇಲ್ಲಿ ಬರೆಯಲಾರೆ. ಆದರೂ ಕೈ ಹಿಂದೆಗೆಯುತ್ತದೆ. ಐದು ವರ್ಷ ತುಂಬಿದರೆ ಕೆಲಸ ಬಿಡುವಾಗ ಸೇವೆಗೆಂದು ಕೊಡುವ ಗ್ರ್ಯಾಚುಟಿ ಹಣ ಸಿಗುತ್ತದೆ, ಅದಕ್ಕೆ ಇನ್ನು ಹತ್ತು ತಿಂಗಳು ಬಾಕಿ ಇದೆ. ಪ್ರತಿ ಮಂಗಳವಾರ ಮೈಕ್ರೋಫೈನಾನ್ಸ್ ಸಂಘದ ಕಂತು ಕಟ್ಟಬೇಕು. ಯಜಮಾನರಿಗೆ ವಾರದಲ್ಲಿ ನಾಲ್ಕು ದಿನ ಕೆಲಸವಿದ್ದರೆ ಮೂರು ದಿನ ಇರುವುದಿಲ್ಲ.

ಸಹಿ ಹಾಕಿದವರು ಏನನ್ನು ನೋಡಿ ಹಾಕಿದಿರಿ, ಹಾಕದವರು ಏನನ್ನು ನೋಡಿ ಬಿಟ್ಟಿರಿ ಎಂಬುದನ್ನು ತಿಳಿಯಬೇಕಾಗಿದೆ. ಒಗ್ಗಟ್ಟಿನಲ್ಲಿ ಬಲವಿದೆ ಎಂಬ ಮಾತು ನನಗೂ ಗೊತ್ತಿದೆ, ಅದನ್ನು ಮತ್ತೊಮ್ಮೆ ಹೇಳುವುದು ಬೇಡ.

ನಿವೃತ್ತ ಟೂಲ್‌ರೂಮ್ ಕೆಲಸಗಾರ

ತಾಯಿ, ನಾನು ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತನಾದವನು. ನಿಮ್ಮ ಪ್ರಶ್ನೆಗೆ ನನ್ನ ಅನುಭವದಿಂದ ನೇರವಾದ ಉತ್ತರ ಸಿಗದು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ನಮ್ಮ ಕಾಲದಲ್ಲಿ ಸಂಘಕ್ಕೆ ಸೇರುವುದು ಒಂದು ತೀರ್ಮಾನವೇ ಆಗಿರಲಿಲ್ಲ. ಖಾಯಂ ಆದ ವಾರವೇ ಹಿರಿಯರೊಬ್ಬರು ಬಂದು ರಸೀದಿ ಹರಿದು ಕೊಡುತ್ತಿದ್ದರು, ನಾವು ಓದದೆಯೇ ಜೇಬಿಗೆ ಹಾಕಿಕೊಳ್ಳುತ್ತಿದ್ದೆವು. ಸೇರದವನೇ ಎಲ್ಲರಿಗೂ ಕಾರಣ ಹೇಳುತ್ತಾ ತಿರುಗಬೇಕಾಗಿತ್ತು.

ನಮ್ಮ ನಿಜವಾದ ತೀರ್ಮಾನ ಬಂದದ್ದು ಆಮೇಲೆ. 1980ರ ಡಿಸೆಂಬರ್ ಕೊನೆಯಲ್ಲಿ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಖಾನೆಗಳ ಸುಮಾರು ಒಂದೂಕಾಲು ಲಕ್ಷ ಕಾರ್ಮಿಕರು ಬಿಎಚ್‌ಇಎಲ್‌ಗೆ ಸಮನಾದ ವೇತನವನ್ನು ಕೇಳಿ ಕೆಲಸ ನಿಲ್ಲಿಸಿ ಹೊರಬಂದೆವು. ಮುಷ್ಕರ 77 ದಿನ ನಡೆದು 1981ರ ಮಾರ್ಚ್‌ನಲ್ಲಿ ಮುಗಿಯಿತು, ಕೇಳಿದ್ದು ಸಿಗಲಿಲ್ಲ. ಮೊದಲ ವಾರ ಗೇಟಿನ ಮುಂದೆ ಜಾತ್ರೆಯ ಹಾಗೆ ಜನರಿದ್ದರು. ಐವತ್ತನೆಯ ದಿನದ ಹೊತ್ತಿಗೆ ಪ್ರತಿ ಬೆಳಿಗ್ಗೆಯೂ ಹೊಸದಾಗಿ ತೀರ್ಮಾನಿಸಬೇಕಾಗುತ್ತಿತ್ತು. ಆಗ ನಾನು ಗಮನಿಸಿದ ಒಂದು ಸಂಗತಿಯನ್ನು ಇಂದಿಗೂ ಮರೆತಿಲ್ಲ: ಗೇಟ್ ಮೀಟಿಂಗಿನಲ್ಲಿ ಗಟ್ಟಿಯಾಗಿ ಕೂಗಿದವರೆಲ್ಲ ಕೊನೆಯವರೆಗೆ ಉಳಿಯಲಿಲ್ಲ. ಉಳಿದವರಲ್ಲಿ ಹೆಚ್ಚಿನವರು ಮನೆಯಲ್ಲಿ ಹೆಂಡತಿಯೊಂದಿಗೆ ಕುಳಿತು, ಯಾವ ಅಂಗಡಿಯಲ್ಲಿ ಎಷ್ಟು ದಿನ ಉದ್ದರಿ ಸಿಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಂಡಿದ್ದರು. ಎಂಟು ದಿನಗಳಿಂದ ನೀವು ಮಾಡುತ್ತಿರುವುದೂ ಅದೇ ಲೆಕ್ಕ, ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ಪೀಣ್ಯದ ಚೆಕ್ಕರ್

ನಾನು ಇಂಥದೇ ಚೀಟಿಗೆ ಏಳು ವರ್ಷಗಳ ಹಿಂದೆ ಸಹಿ ಹಾಕಿದವಳು. ಆದ್ದರಿಂದ ನಾನು ಏನನ್ನು ನೋಡಿ ಹಾಕಿದೆ ಎಂಬುದನ್ನಷ್ಟೇ ಹೇಳುತ್ತೇನೆ.

ಚೀಟಿಯಲ್ಲಿ ಏನು ಬರೆದಿತ್ತು ಎಂಬುದು ನನ್ನ ನೆನಪಿನಲ್ಲಿಲ್ಲ, ಅದನ್ನು ಯಾರು ತಂದುಕೊಟ್ಟರು ಎಂಬುದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಅವರು ನಮ್ಮ ಲೈನಿನಲ್ಲಿ ಹನ್ನೊಂದು ವರ್ಷದಿಂದ ಇದ್ದರು, ಅಂದರೆ ಕಳೆದುಕೊಳ್ಳಲು ನನಗಿಂತ ಅವರಿಗೆ ಹೆಚ್ಚಿತ್ತು. ಒಬ್ಬ ಹೆಲ್ಪರ್ ಹುಡುಗಿಗೆ ಜ್ವರ ಬಂದಾಗ ಅವಳ ಬಂಡಲನ್ನು ತಮ್ಮ ಬಂಡಲಿನ ಜೊತೆ ಸೇರಿಸಿಕೊಂಡು ಹೊಲಿದು, ಅದನ್ನು ಯಾರಿಗೂ ಹೇಳಿರಲಿಲ್ಲ. ಬೈಗುಳದ ಸುರಿಮಳೆಯಾಗುವಾಗ ಎದುರು ಮಾತಾಡದೆ, ಆದರೆ ತಲೆಯನ್ನೂ ತಗ್ಗಿಸದೆ ನಿಲ್ಲುತ್ತಿದ್ದರು. ಇಂಥವರು ಕೇಳಿದಾಗ ಸಹಿ ಹಾಕುವುದಕ್ಕೂ, ಹೊಸದಾಗಿ ಸೇರಿ ಎರಡು ತಿಂಗಳಲ್ಲಿ ಎಲ್ಲರಿಗೂ ಭಾಷಣ ಮಾಡುವವರು ಕೇಳಿದಾಗ ಹಾಕುವುದಕ್ಕೂ ವ್ಯತ್ಯಾಸವಿದೆ. ನಿಮ್ಮ ಫಿನಿಶಿಂಗ್ ಅಕ್ಕ ಎಂಥವರು ಎಂಬುದು ನಿಮಗೆ ಮಾತ್ರ ಗೊತ್ತಿರುವ ವಿಷಯ.

ಎರಡನೆಯದಾಗಿ, ನೀವು ಮಂಗಳವಾರದ ಕಂತನ್ನು ಹೆದರಿಕೆಯ ಪಟ್ಟಿಯಲ್ಲಿ ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಅದು ನಿಮ್ಮ ವಿದ್ಯೆಯೂ ಹೌದು. ನಮ್ಮಲ್ಲಿ ಸಂಘ ಎಂದರೆ ಮೊದಲು ನೆನಪಾಗುವುದು ಸಾಲದ ಸಂಘವೇ. ಹತ್ತು ಮಂದಿಯ ಗುಂಪಿನಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದ ಒಂಬತ್ತು ಮಂದಿ ತಲಾ ಇಷ್ಟೆಂದು ಹಾಕಿ ಕಟ್ಟುತ್ತೇವೆ. ಆದ್ದರಿಂದ ಯಾರು ನಿಜವಾಗಿ ಕಷ್ಟದಲ್ಲಿದ್ದಾರೆ, ಯಾರು ಸಬೂಬು ಹೇಳುತ್ತಾರೆ, ಯಾರು ಬೀಗ ಹಾಕಿಕೊಂಡು ತವರಿಗೆ ಹೋಗಿಬಿಡುತ್ತಾರೆ ಎಂಬುದನ್ನು ಮುಖ ನೋಡಿ ಹೇಳಬಲ್ಲೆವು. ನಾನು ಸಹಿ ಹಾಕುವ ಮೊದಲು ನಮ್ಮ ಲೈನಿನ ಮೂವತ್ತೆರಡು ಮಂದಿಯ ಹೆಸರನ್ನು ಮನಸ್ಸಿನಲ್ಲಿಯೇ ಹಿಡಿದು, ಇವಳ ಜೊತೆ ನಾನು ಜಾಮೀನು ನಿಲ್ಲುತ್ತೇನೆಯೇ ಎಂದು ಒಬ್ಬೊಬ್ಬರ ಬಗ್ಗೆಯೂ ಕೇಳಿಕೊಂಡೆ. ಹತ್ತೊಂಬತ್ತು ಮಂದಿಯ ವಿಷಯದಲ್ಲಿ ನಿಲ್ಲುತ್ತೇನೆ ಎಂಬ ಉತ್ತರ ಬಂತು. ಆ ಮೇಲೆಯೇ ಸಹಿ ಹಾಕಿದ್ದು. ಮೂರೋ ನಾಲ್ಕೋ ಬಂದಿದ್ದರೆ ಹಾಕುತ್ತಿರಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳುತ್ತೇನೆ.

ಎಚ್‌ಆರ್ ವಿಭಾಗದಲ್ಲಿದ್ದವನು

ನಾನು ಆಚೆಯ ಮೇಜಿನ ಹಿಂದೆ ಹದಿನಾಲ್ಕು ವರ್ಷ ಕುಳಿತವನು. ಈಗ ಆ ಕೆಲಸದಲ್ಲಿಲ್ಲ. ನನ್ನನ್ನು ಮಾಲೀಕರ ಪರ ಎಂದು ಬೈಯುವವರು ಬೈಯಲಿ, ಆದರೆ ತೀರ್ಮಾನ ಮಾಡುವವರು ಎದುರು ಪಕ್ಷದ ಲೆಕ್ಕವನ್ನೂ ತಿಳಿದಿರಬೇಕು.

ಒಂದು ಅಂಗಿಯನ್ನು ಎಷ್ಟು ನಿಮಿಷದಲ್ಲಿ ಹೊಲಿಯಬಹುದು ಎಂಬ ಎಸ್‌ಎಎಂ ಲೆಕ್ಕದ ಮೇಲೆ ವಿದೇಶಿ ಖರೀದಿದಾರರು ದರ ಕಟ್ಟುತ್ತಾರೆ. ಆರ್ಡರ್ ಯಾವ ಘಟಕಕ್ಕೆ ಹೋಗಬೇಕು ಎಂಬುದನ್ನು ಒಂದು ಇಮೇಲ್‌ನಲ್ಲಿ ಬದಲಿಸಬಹುದು. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಯುರೋ ಕ್ಲೋದಿಂಗ್ ಕಾರ್ಖಾನೆಯಲ್ಲಿ ಆದದ್ದನ್ನು ನೀವೂ ಕೇಳಿರಬಹುದು. ಆರ್ಡರ್ ಇಲ್ಲವೆಂದು ಆಡಳಿತ ಸುಮಾರು 1,200 ಮಂದಿಯನ್ನು ಲೇಆಫ್ ಮಾಡಿತು, ಅಂದರೆ ಕೆಲಸ ಕೊಡದೆ ಹೊರಗಿಟ್ಟಿತು. ಸಂಘವಿದ್ದ ಘಟಕ ಎಂಬ ಕಾರಣಕ್ಕೇ ಹೀಗಾಯಿತೆಂದು ಕಾರ್ಮಿಕರು ವಾದಿಸಿದರು. ಸಂಘವಿದ್ದರೆ ಕೆಲಸ ಭದ್ರ ಎಂದು ಯಾರಾದರೂ ನಿಮಗೆ ಮಾತು ಕೊಟ್ಟರೆ ನಂಬಬೇಡಿ ಎನ್ನುವುದಷ್ಟೇ ನನ್ನ ಮಾತು.

ಇನ್ನೊಂದು ವಿಷಯವನ್ನು ನಾನು ಹೇಳಲೇಬೇಕು. ಸಂಘದ ಸುಳಿವು ಸಿಕ್ಕ ಕೂಡಲೇ ನಾವು ಮಾಡುತ್ತಿದ್ದ ಮೊದಲ ಕೆಲಸ, ಊಟದ ಹೊತ್ತಿನಲ್ಲಿ ಯಾರು ಯಾರ ಜೊತೆ ಕೂರುತ್ತಾರೆ ಎಂದು ಬರೆದುಕೊಳ್ಳುವುದು. ಆಮೇಲೆ ಮುಂದಾಳಿನಂತೆ ಕಾಣುವವರಿಗೆ ಸೂಪರ್‌ವೈಸರ್ ಹುದ್ದೆಯ ಆಸೆ ತೋರಿಸುತ್ತಿದ್ದೆವು, ಒಪ್ಪದಿದ್ದರೆ ದೂರದ ಘಟಕಕ್ಕೆ ವರ್ಗ ಮಾಡುತ್ತಿದ್ದೆವು. ಹೆಣ್ಣುಮಕ್ಕಳಾದರೆ ಗಂಡನಿಗೋ ಅಪ್ಪನಿಗೋ ಫೋನ್ ಹೋಗುತ್ತಿತ್ತು. ಘಟಕ ಮುಚ್ಚುತ್ತದಂತೆ ಎಂಬ ಗಾಳಿಮಾತನ್ನು ನಾವು ಹೇಳಬೇಕಾಗಿಯೇ ಇರಲಿಲ್ಲ, ಎರಡು ಯಂತ್ರಗಳನ್ನು ಲಾರಿಗೆ ಹತ್ತಿಸಿದರೆ ಉಳಿದದ್ದನ್ನು ಜನರೇ ಹೇಳಿಕೊಳ್ಳುತ್ತಿದ್ದರು. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ. ಇದೆಲ್ಲ ನಡೆಯುವಾಗ ನೀವು ಗಟ್ಟಿಯಾಗಿ ನಿಲ್ಲಬಲ್ಲಿರಾ ಎಂಬುದನ್ನು ಸಹಿಗೆ ಮೊದಲೇ ಯೋಚಿಸಿ.

ಪೀಣ್ಯದ ಚೆಕ್ಕರ್

ಶ್ರೀರಂಗಪಟ್ಟಣದ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೀರಿ ಸರ್. ಆ ಹೆಂಗಸರು ವಾರಗಟ್ಟಲೆ ಕಾರ್ಖಾನೆಯಲ್ಲೇ ಧರಣಿ ಕುಳಿತರು. ವಿಷಯ ಖರೀದಿದಾರರ ದೇಶದವರೆಗೂ ಹೋಯಿತು. 2021ರ ಫೆಬ್ರವರಿಯಲ್ಲಿ ಅದೇ ಸಂಸ್ಥೆಯ ಮೈಸೂರಿನ ಘಟಕದಲ್ಲಿ ಅವರಿಗೆ ಮತ್ತೆ ಕೆಲಸ ಕೊಡುವ ಒಪ್ಪಂದವಾಯಿತು. ಮೊದಲಿನ ಹಾಗೆ ಎಲ್ಲವೂ ಆಯಿತೆಂದು ನಾನು ಹೇಳುವುದಿಲ್ಲ, ಎಂಟು ತಿಂಗಳು ಕಾಯಲಾರದೆ ಬೇರೆ ದಾರಿ ನೋಡಿಕೊಂಡವರೂ ಇರುತ್ತಾರೆ. ಆದರೆ ಸಂಘವಿಲ್ಲದ ಘಟಕಗಳು ರಾತ್ರೋರಾತ್ರಿ ಬಾಗಿಲು ಹಾಕಿದಾಗ ಒಪ್ಪಂದದ ಮಾತಾದರೂ ಬಂದದ್ದನ್ನು ನಾನು ನೋಡಿಲ್ಲ.

ಊಟದ ಸಾಲಿನ ಪಟ್ಟಿ ಬರೆದುಕೊಳ್ಳುತ್ತಿದ್ದಿರಿ ಎಂದು ನಿಮ್ಮ ಕೈಯಿಂದಲೇ ಓದಿದ್ದು ಒಳ್ಳೆಯದಾಯಿತು. ನಮಗೆ ಅನುಮಾನವಿತ್ತು, ಪುರಾವೆ ಇರಲಿಲ್ಲ.

ಕಾರ್ಮಿಕ ವಕೀಲ

ಚರ್ಚೆಯಲ್ಲಿ ಕಾನೂನಿನ ಎರಡು ಮೂರು ಅಂಶಗಳು ಬರಬೇಕಾಗಿವೆ.

ಸಂಘ ಕಟ್ಟುವುದು ಸಂವಿಧಾನದ 19(1)(ಸಿ) ವಿಧಿಯ ಮೂಲಭೂತ ಹಕ್ಕು. ಆದರೆ ಆ ಹಕ್ಕಿನೊಳಗೆ ಮುಷ್ಕರದ ಹಕ್ಕು ತಾನಾಗಿಯೇ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಹೇಳಿದೆ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದ್ದು, 1926ರ ಕಾರ್ಮಿಕ ಸಂಘಗಳ ಕಾಯ್ದೆ, 1946ರ ಸ್ಥಾಯಿ ಆದೇಶಗಳ ಕಾಯ್ದೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಈ ಮೂರರ ಜಾಗದಲ್ಲಿ ಈಗ ಅದೊಂದೇ ಇದೆ. ಹೊಸ ಸಂಘದ ನೋಂದಣಿಗೆ ಏಳು ಮಂದಿ ಅರ್ಜಿ ಹಾಕಬಹುದು, ಆದರೆ ಕಾರ್ಮಿಕರಲ್ಲಿ ಶೇ 10ರಷ್ಟು ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಆಡಳಿತದೊಂದಿಗೆ ಏಕಮಾತ್ರ ಸಂಧಾನಕಾರ ಸಂಘವಾಗಿ ಕೂರಲು, ಹಲವು ಸಂಘಗಳಿದ್ದಲ್ಲಿ, ಶೇ 51ರಷ್ಟು ಕಾರ್ಮಿಕರ ಬೆಂಬಲ ಬೇಕು. ಅಷ್ಟು ಯಾರಿಗೂ ಇಲ್ಲದಿದ್ದರೆ ಶೇ 20ಕ್ಕೆ ಕಡಿಮೆಯಿಲ್ಲದ ಬೆಂಬಲವಿರುವ ಸಂಘಗಳ ಪ್ರತಿನಿಧಿಗಳು ಸೇರಿದ ಮಂಡಳಿ ಸಂಧಾನಕ್ಕೆ ಕೂರುತ್ತದೆ.

ಇದನ್ನು ಏಕೆ ವಿವರಿಸಿದೆನೆಂದರೆ, ಒಂದು ಸಹಿಯ ತೂಕ ಅದು ಎಷ್ಟನೆಯದು ಎಂಬುದರ ಮೇಲೆ ನಿಂತಿದೆ. ನಿಮ್ಮ ಕಾರ್ಖಾನೆಯಲ್ಲಿ 1,200 ಮಂದಿ ಇದ್ದಾರೆ ಎಂದುಕೊಳ್ಳೋಣ. ಇಪ್ಪತ್ತನೆಯವಳಾಗಿ ಸಹಿ ಹಾಕಿದರೆ ನೀವು ಎದ್ದು ಕಾಣುತ್ತೀರಿ, ಬದಲಾವಣೆಗೆ ಇನ್ನೂ ಬಹಳ ದೂರವಿರುತ್ತದೆ. 612ನೆಯವಳಾಗಿ ಹಾಕಿದರೆ ನಿಮ್ಮನ್ನು ಬೇರೆಯಾಗಿ ಗುರುತಿಸುವವರಿಲ್ಲ, ಆದರೆ ಆ ಒಂದು ಸಹಿಯಿಂದ ಸಂಧಾನದ ಬಾಗಿಲೇ ತೆರೆಯಬಹುದು. ಎಲ್ಲರೂ 612ನೆಯವರಾಗಲು ಕಾಯುತ್ತಾ ಕುಳಿತರೆ ಎಣಿಕೆ ಇಪ್ಪತ್ತನ್ನು ದಾಟುವುದಿಲ್ಲ. ನಾನು ನೋಡಿದ ಬಹುಪಾಲು ಸಂಘಗಳು ಹುಟ್ಟುವ ಮೊದಲೇ ಕೊನೆಯಾದದ್ದು ಈ ಕಾಯುವಿಕೆಯಿಂದ.

ಎಚ್‌ಆರ್ ವಿಭಾಗದಲ್ಲಿದ್ದವರು ವಿವರಿಸಿದ ಉಪಾಯಗಳ ಬಗ್ಗೆ ಒಂದು ಮಾತು. ಸಂಘಕ್ಕೆ ಸೇರಿದರೆ ಕೆಲಸದಿಂದ ತೆಗೆಯುತ್ತೇವೆ, ಕಾರ್ಖಾನೆ ಮುಚ್ಚುತ್ತೇವೆ ಎಂಬ ಬೆದರಿಕೆ, ದುರುದ್ದೇಶದ ವರ್ಗಾವಣೆ, ಸಂಘ ಕಟ್ಟುವ ಹೊತ್ತಿಗೆ ಸರಿಯಾಗಿ ಅದನ್ನು ದುರ್ಬಲಗೊಳಿಸಲು ಸಂಬಳ ಏರಿಸುವುದು, ಇವೆಲ್ಲ ಹಳೆಯ ಕಾಯ್ದೆಯಲ್ಲೂ ಹೊಸ ಸಂಹಿತೆಯಲ್ಲೂ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿವೆ. ಆದರೆ ಪಟ್ಟಿಯಲ್ಲಿರುವುದಕ್ಕೂ ಅದನ್ನು ಸಾಬೀತುಪಡಿಸುವುದಕ್ಕೂ ನಡುವೆ ವರ್ಷಗಳು ಉರುಳುತ್ತವೆ. ನನ್ನ ಕಕ್ಷಿದಾರರಲ್ಲಿ ವಜಾ ರದ್ದಾಗಿ ಗೆದ್ದವರಿದ್ದಾರೆ, ಆದರೆ ಗೆಲ್ಲುವ ಹೊತ್ತಿಗೆ ಅವರು ಬೇರೆ ಊರಿನಲ್ಲಿ ಬೇರೆ ಕೆಲಸದಲ್ಲಿದ್ದರು. ನ್ಯಾಯಾಲಯದ ಮುಂದಿನ ದಿನಾಂಕದವರೆಗೆ ಮಂಗಳವಾರದ ಕಂತು ಕಾಯುವುದಿಲ್ಲ.

ಒಂದು ಹಳೆಯ ಸಂಗತಿಯನ್ನೂ ಸೇರಿಸುತ್ತೇನೆ. 1918ರ ಏಪ್ರಿಲ್‌ನಲ್ಲಿ ಮದ್ರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳ ಕೆಲಸಗಾರರೊಂದಿಗೆ ಬಿ.ಪಿ. ವಾಡಿಯಾ ಅವರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದಾಗ, ಸಂಘ ಕಟ್ಟುವವರಿಗೆ ಕಾನೂನಿನ ಯಾವ ರಕ್ಷಣೆಯೂ ಇರಲಿಲ್ಲ. ನಮ್ಮ ಬೆಂಗಳೂರಿನವರಿಗೂ ಪರಿಚಿತವಾದ ಬಿನ್ನಿ ಕಂಪನಿಯೇ ಆ ಮಿಲ್ಲುಗಳ ಆಡಳಿತ ನೋಡುತ್ತಿತ್ತು. ಕಂಪನಿಯವರು ಹೈಕೋರ್ಟಿಗೆ ಹೋಗಿ ವಾಡಿಯಾ ಅವರ ವಿರುದ್ಧ ತಡೆಯಾಜ್ಞೆ ತಂದರು. ಆ ಪ್ರಕರಣ ಎಬ್ಬಿಸಿದ ಪ್ರಶ್ನೆಯಿಂದಲೇ ಎನ್.ಎಂ. ಜೋಶಿ ಅವರು 1921ರಲ್ಲಿ ಶಾಸನಸಭೆಯಲ್ಲಿ ನಿರ್ಣಯ ಮಂಡಿಸಿದರು, 1926ರಲ್ಲಿ ಕಾಯ್ದೆ ಬಂತು. ಅಂದರೆ ಇಂದು ನೀವು ಸಹಿ ಹಾಕಿದರೆ ಸಿಗುವ ಅಷ್ಟಿಷ್ಟು ರಕ್ಷಣೆಯೂ, ಯಾವ ರಕ್ಷಣೆಯೂ ಇಲ್ಲದೆ ಸಹಿ ಹಾಕಿದವರಿಂದ ಬಂದದ್ದು.

ಕಫ್ ಹೊಲಿಯುವವಳು

ಎಲ್ಲರಿಗೂ ನಮಸ್ಕಾರ. ವಕೀಲರೇ, ಒಂದು ಅನುಮಾನವಿದೆ. ಗ್ರ್ಯಾಚುಟಿಗೆ ಹತ್ತು ತಿಂಗಳು ಉಳಿದಿರುವಾಗ ಸುಮ್ಮನಿದ್ದು, ಆಮೇಲೆ ಸಹಿ ಹಾಕಿದರೆ ತಪ್ಪೇ? ಪೀಣ್ಯದ ಅಕ್ಕ ಹೇಳಿದ ಹಾಗೆ ನಮ್ಮ ಲೈನನ್ನು ಎಣಿಸಿ ನೋಡಿದೆ. ಇಪ್ಪತ್ತೆಂಟು ಮಂದಿಯಲ್ಲಿ ಒಂಬತ್ತು ಮಂದಿಯ ಬಗ್ಗೆ ನಂಬಿಕೆ ಬಂತು, ಐದು ಮಂದಿಯ ವಿಷಯದಲ್ಲಿ ಹೇಳಲಾಗಲಿಲ್ಲ. ಉಳಿದವರು ಒಡಿಶಾ ಮತ್ತು ಜಾರ್ಖಂಡ್ ಕಡೆಯಿಂದ ಬಂದ ಹುಡುಗಿಯರು, ಹಾಸ್ಟೆಲ್‌ನಲ್ಲಿರುತ್ತಾರೆ. ಅವರ ಜೊತೆ ನಾನು ನಾಲ್ಕು ವರ್ಷದಲ್ಲಿ ನಾಲ್ಕು ಮಾತು ಆಡಿಲ್ಲ ಎಂಬುದು ಎಣಿಸುವಾಗಲೇ ಗೊತ್ತಾಯಿತು.

ಕಾರ್ಮಿಕ ವಕೀಲ

ತಪ್ಪೇನೂ ಅಲ್ಲ. ಲೆಕ್ಕ ಹೀಗಿದೆ: ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ರೂಪಾಯಿ ಎಂದುಕೊಂಡರೆ ಅದನ್ನು 26ರಿಂದ ಭಾಗಿಸಬೇಕು, ದಿನಕ್ಕೆ 500 ಆಗುತ್ತದೆ. ವರ್ಷಕ್ಕೆ 15 ದಿನದ ವೇತನದಂತೆ 7,500. ಐದು ವರ್ಷಕ್ಕೆ 37,500 ರೂಪಾಯಿ. ನೀವು ಕಳೆದುಕೊಳ್ಳಬಹುದಾದದ್ದು ಇಷ್ಟು. ಹೆದರಿಕೆಗೆ ಒಂದು ಮೊತ್ತ ಸಿಕ್ಕರೆ ಯೋಚನೆ ಸುಲಭವಾಗುತ್ತದೆ.

ಬಿಡದಿ ಕಡೆಯ ಯಂತ್ರ ಕೆಲಸಗಾರ

ನಾನು ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯವನು. ನಮ್ಮಲ್ಲಿ ಸಹಿ ಬಿದ್ದದ್ದು ಲೆಕ್ಕದಿಂದಲ್ಲ, ಸಿಟ್ಟಿನಿಂದ. ಒಬ್ಬ ಹುಡುಗನ ಬೆರಳು ಪ್ರೆಸ್ಸಿಗೆ ಸಿಕ್ಕಿತು, ಮರುದಿನ ಅವನ ಮೇಲೆಯೇ ನಿರ್ಲಕ್ಷ್ಯದ ಷೋಕಾಸ್ ನೋಟಿಸ್ ಬಂತು. ಒಂದೇ ಪಾಳಿಯಲ್ಲಿ ನೂರಕ್ಕೂ ಹೆಚ್ಚು ಸಹಿ. ಆದರೆ ಸಿಟ್ಟಿನ ಸಹಿ ಸಿಟ್ಟು ಇರುವಷ್ಟು ದಿನವೇ ಬಾಳುತ್ತದೆ ಎಂಬುದನ್ನು ನಾವು ಆಮೇಲೆ ಕಲಿತೆವು. ಯಾವ ಕೇಂದ್ರ ಸಂಘಟನೆಗೆ ಸೇರಬೇಕು ಎಂಬ ಪ್ರಶ್ನೆ ಬಂದಾಗ ಒಂದು ಗುಂಪು ಕೆಂಪು ಬಾವುಟ ಎಂದಿತು, ಇನ್ನೊಂದು ಗುಂಪು ಬೇಡ ಎಂದಿತು, ಮೂರನೆಯ ಗುಂಪಿಗೆ ಅಧ್ಯಕ್ಷನಾಗುವವನು ನಮ್ಮವನೋ ಅವರವನೋ ಎಂಬುದೇ ಮುಖ್ಯವಾಯಿತು. ಆರು ತಿಂಗಳಲ್ಲಿ ಎರಡು ಸಂಘಗಳಾದವು. ಆಡಳಿತದವರು ಎರಡಕ್ಕೂ ಟೀ ಕೊಟ್ಟು ಕಳಿಸುತ್ತಿದ್ದರು.

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರ್‌ನಲ್ಲಿ ಒಬ್ಬರ ಅಮಾನತಿನಿಂದ ಆರಂಭವಾದ ಧರಣಿ, ಅದರ ಬೆನ್ನಿಗೇ ಆಡಳಿತ ಬಾಗಿಲು ಹಾಕಿ ಘೋಷಿಸಿದ ಲಾಕೌಟ್, ಮರುವರ್ಷ ಮಾರ್ಚ್‌ವರೆಗೆ ಎಳೆದ ಮುಷ್ಕರ, ಇವನ್ನು ನಾವು ರಸ್ತೆಯ ಈಚೆಯಿಂದ ನೋಡಿದವರು. ಒಳಗೆ ಹೋಗಬೇಕಾದರೆ ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಿ ಎಂದಾಗ, ಅಲ್ಲಿಯ ಒಬ್ಬೊಬ್ಬರೂ ಮತ್ತೊಂದು ಸಹಿಯ ತೀರ್ಮಾನ ಮಾಡಬೇಕಾಯಿತು. ಅದು ಹಳೆಯ, ಗಟ್ಟಿಯಾದ ಸಂಘ. ಅಲ್ಲೇ ಅಷ್ಟು ಕಷ್ಟವಾದರೆ ನಮ್ಮಂಥವರ ಪಾಡು ಏನು ಎಂದು ನಮ್ಮಲ್ಲಿ ಅನೇಕರು ಆಗ ಹಿಂದೆ ಸರಿದರು. ಬೇರೆಯವರ ಸೋಲು ಗೆಲುವುಗಳನ್ನು ನೋಡಿಯೂ ಜನ ತೀರ್ಮಾನಿಸುತ್ತಾರೆ, ಅದನ್ನು ಯಾವ ಕರಪತ್ರವೂ ತಡೆಯಲಾರದು.

ಹಾಸ್ಟೆಲ್ ಹುಡುಗಿಯರ ಮಾತಿಗೆ ಒಂದು ಸೇರ್ಪಡೆ. ನಮ್ಮಲ್ಲಿ ಟ್ರೈನಿ ಮತ್ತು ಗುತ್ತಿಗೆಯವರನ್ನು ಲೆಕ್ಕದಿಂದ ಬಿಟ್ಟೆವು. ಕೆಲಸ ನಿಂತ ದಿನ ಲೈನ್ ನಡೆಸಿದವರು ಅವರೇ. ಅವರ ಮೇಲೆ ಬಹಳ ಕಾಲ ಸಿಟ್ಟಿತ್ತು, ಈಗ ನಮ್ಮ ಮೇಲೆಯೇ ಇದೆ.

ಸಹಿ ಹಾಕದೆ ಬಂದವಳು

ಸಹಿ ಹಾಕದವರ ಕಡೆಯಿಂದ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನಾನು ಗಾರ್ಮೆಂಟ್ಸಿನಲ್ಲಿ ಆರು ವರ್ಷ ಇದ್ದೆ, ಈಗ ನಮ್ಮೂರಿನಲ್ಲಿ ರವಿಕೆ ಹೊಲಿದುಕೊಂಡಿದ್ದೇನೆ. ನನಗೆ ಚೀಟಿ ಬಂದಾಗ ಇನ್ನು ಎರಡು ವರ್ಷ ದುಡಿದು, ಪಿಎಫ್ ತೆಗೆದು, ಅಂಗಡಿ ಹಾಕಬೇಕೆಂದು ನಿಶ್ಚಯಿಸಿದ್ದೆ. ಬಿಟ್ಟು ಹೋಗುವವಳಿಗೆ ಸಂಘದ ಗೋಜು ಯಾಕೆ ಎಂದುಕೊಂಡೆ. ನನ್ನ ಹಾಗೆಯೇ ಅರ್ಧಕ್ಕಿಂತ ಹೆಚ್ಚು ಮಂದಿ ಯಾವಾಗಲೂ ಬಿಟ್ಟು ಹೋಗುವವರೇ. ಮದುವೆ, ಹೆರಿಗೆ, ಊರಿನ ಜಮೀನು ಎಂದು ಒಂದಲ್ಲ ಒಂದು ಕಾರಣ ಇರುತ್ತದೆ. ನಾನು ಪಶ್ಚಾತ್ತಾಪಪಡುವುದಿಲ್ಲ. ಒಂದು ಮಾತ್ರ ನಿಜ: ಎರಡು ವರ್ಷ ಎಂದುಕೊಂಡದ್ದು ನಾಲ್ಕು ವರ್ಷವಾಯಿತು. ಹೋಗುತ್ತೇನೆ ಎಂದುಕೊಂಡೇ ನಾಲ್ಕು ವರ್ಷ ಬೈಗುಳ ತಿಂದೆ.

ಐಟಿ ಉದ್ಯೋಗಿ

ನಿಮ್ಮ ಮಾತು ನಮ್ಮ ಕಚೇರಿಗಳಿಗೂ ಒಪ್ಪುತ್ತದೆ. ನಮ್ಮಲ್ಲಿ ಬೇಸರವಾದರೆ ಎಲ್ಲರೂ ಮಾಡುವ ಮೊದಲ ಕೆಲಸ ರೆಸ್ಯೂಮೆ ತಿದ್ದುವುದು. 2017ರಿಂದ ಕರ್ನಾಟಕ ರಾಜ್ಯ ಐಟಿ ಮತ್ತು ಐಟಿ ಆಧಾರಿತ ಸೇವೆಗಳ ನೌಕರರ ಸಂಘ ಇದೆ, ಆದರೆ ಬಹುಕಾಲ ಅದರ ನೆನಪಾಗುತ್ತಿದ್ದದ್ದು ಬಲವಂತದ ರಾಜೀನಾಮೆಯ ಮೇಲ್ ಬಂದ ರಾತ್ರಿ ಮಾತ್ರ. 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆ ದುಡಿಮೆಯ ಪ್ರಸ್ತಾಪ ಸುದ್ದಿಯಾದಾಗ, ನಾನು ಕಾರ್ಮಿಕನೇ ಅಲ್ಲ ಎಂದು ನಂಬಿದ್ದ ನನ್ನ ಸಹೋದ್ಯೋಗಿಗಳು ಮೊದಲ ಬಾರಿಗೆ ಸದಸ್ಯತ್ವದ ಅರ್ಜಿಯನ್ನು ಒಬ್ಬರಿಗೊಬ್ಬರು ಕಳಿಸಿಕೊಂಡರು. ಬೇರೆ ಕಂಪನಿಗೆ ಹೋದರೂ ತಪ್ಪಿಸಿಕೊಳ್ಳಲಾಗದ ಕಷ್ಟ ಎದುರಾದಾಗಲೇ ನಮ್ಮಂಥವರು ತಿರುಗಿ ನೋಡುವುದು.

ಪೀಣ್ಯದ ಚೆಕ್ಕರ್

ಅದನ್ನು ಓದಿ 2016 ನೆನಪಾಯಿತು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ನಿಯಮ ಮಾಡಿತ್ತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಬಂದು ಕುಳಿತೆವು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ, ನಾನೂ ಆಗ ಯಾವ ಸಂಘದಲ್ಲೂ ಇರಲಿಲ್ಲ. ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿದರು, ಬಂಧನಗಳಾದವು. 19ರಂದೇ ಕೇಂದ್ರ ನಿಯಮವನ್ನು ಹಿಂದಕ್ಕೆ ಪಡೆಯಿತು.

ಆ ಎರಡು ದಿನ ನಾನು ಯಾಕೆ ಹೆದರಲಿಲ್ಲ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ರಸ್ತೆಗೆ ಇಳಿಯಲು ಹೆಸರು, ಟೋಕನ್ ನಂಬರು ಬರೆಯಬೇಕಾಗಿರಲಿಲ್ಲ. ಪಕ್ಕದ ಯಂತ್ರದವಳು ಎದ್ದಳು, ನಾನೂ ಎದ್ದೆ. ಇಡೀ ಫ್ಲೋರ್ ಖಾಲಿಯಾದಾಗ ಒಳಗೆ ಉಳಿದವಳೇ ಎದ್ದು ಕಾಣುತ್ತಿದ್ದಳು. ಚೀಟಿಯಾದರೋ ಒಬ್ಬಳೇ ಕುಳಿತು ತುಂಬುವಂಥದ್ದು. ಆದ್ದರಿಂದ ನಮ್ಮ ಸಂಘದಲ್ಲಿ ಈಗ ಒಬ್ಬರ ಕೈಗೆ ಚೀಟಿ ಕೊಟ್ಟು ಮನೆಗೆ ಕಳಿಸುವುದಿಲ್ಲ. ಭಾನುವಾರ ಯಾರದಾದರೂ ಮನೆಯಲ್ಲಿ ಎಂಟು ಹತ್ತು ಮಂದಿ ಸೇರಿ, ಅನುಮಾನಗಳನ್ನೆಲ್ಲ ಗಟ್ಟಿಯಾಗಿ ಕೇಳಿ, ಒಪ್ಪಿದವರು ಒಟ್ಟಿಗೆ ಸಹಿ ಹಾಕುತ್ತಾರೆ. ಒಪ್ಪದವರು ಕಾಫಿ ಕುಡಿದು ಹೋಗುತ್ತಾರೆ, ಅವರ ಹೆಸರನ್ನು ಯಾರೂ ಎತ್ತುವುದಿಲ್ಲ.

ಎಚ್‌ಆರ್ ವಿಭಾಗದಲ್ಲಿದ್ದವನು

ಒಂದು ಎಚ್ಚರಿಕೆ. ಚರ್ಚೆ ಆರಂಭಿಸಿದವರು ಲೈನಿನಲ್ಲಿರುವವರ ಸಂಖ್ಯೆ, ಟಾರ್ಗೆಟ್, ಸೇವಾವಧಿ, ಚೀಟಿ ಕೊಟ್ಟವರ ವಿಭಾಗ ಎಲ್ಲವನ್ನೂ ಬರೆದಿದ್ದಾರೆ. ನನ್ನ ಹಳೆಯ ಕೆಲಸದಲ್ಲಿದ್ದಿದ್ದರೆ ಇಷ್ಟರಿಂದಲೇ ನಾನು ಅರ್ಧ ದಿನದಲ್ಲಿ ಹುಡುಕಿಬಿಡುತ್ತಿದ್ದೆ. ತಿದ್ದಲು ಸಾಧ್ಯವಾದರೆ ತಿದ್ದಿ.

ಕಫ್ ಹೊಲಿಯುವವಳು

ಸರ್, ಅದನ್ನು ಯೋಚಿಸಿಯೇ ಬರೆದಿದ್ದೇನೆ. ನಾನು ಕಫ್ ಹೊಲಿಯುವವಳೂ ಅಲ್ಲ, ಆ ಅಕ್ಕ ಫಿನಿಶಿಂಗಿನವರೂ ಅಲ್ಲ, ಅಂಕಿಗಳನ್ನೂ ಅಷ್ಟಿಷ್ಟು ಬದಲಿಸಿದ್ದೇನೆ. ಮುಕ್ಕಾಲು ಗಂಟೆ ಮತ್ತು ಮಂಗಳವಾರ ಮಾತ್ರ ನಿಜ.

ಆ ಮುಕ್ಕಾಲು ಗಂಟೆಯನ್ನೇ ವಕೀಲರ ಹಾಗೆ ಲೆಕ್ಕ ಹಾಕಿ ನೋಡಿದೆ. ತಿಂಗಳಿಗೆ 26 ದಿನ ಎಂದರೆ ಹತ್ತೊಂಬತ್ತೂವರೆ ಗಂಟೆ. 13,000 ಸಂಬಳಕ್ಕೆ ಗಂಟೆಗೆ 62 ರೂಪಾಯಿ 50 ಪೈಸೆ, ಓಟಿಗೆ ಎರಡರಷ್ಟು ಎಂದರೆ 125. ತಿಂಗಳಿಗೆ ಸುಮಾರು 2,437 ರೂಪಾಯಿ ನನಗೆ ಬರಬೇಕಾದದ್ದು ಬರುತ್ತಿಲ್ಲ. ಹದಿನಾರು ತಿಂಗಳಲ್ಲಿ ಅದು ಗ್ರ್ಯಾಚುಟಿಯನ್ನು ದಾಟುತ್ತದೆ. ಯಾವುದನ್ನು ಕಳೆದುಕೊಳ್ಳಬಾರದೆಂದು ಹೆದರುತ್ತಿದ್ದೆನೋ ಅಷ್ಟನ್ನು ಸುಮ್ಮನಿದ್ದೇ ಕಳೆದುಕೊಳ್ಳುತ್ತಿದ್ದೆ. ಮಗಳ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದು ಯಜಮಾನರಿಗೆ ತೋರಿಸಿದೆ. ಅವರು ಎರಡು ಸಲ ಕೂಡಿಸಿ ನೋಡಿ, ನಿನಗೆ ತಿಳಿದ ಹಾಗೆ ಮಾಡು, ನನಗೆ ಫೋನ್ ಬಂದರೆ ನಾನು ಮಾತಾಡಿಕೊಳ್ಳುತ್ತೇನೆ ಎಂದರು. ಅಷ್ಟನ್ನು ಅವರಿಂದ ನಾನು ನಿರೀಕ್ಷಿಸಿರಲಿಲ್ಲ.

ಇವತ್ತು ಊಟದ ಹೊತ್ತಿನಲ್ಲಿ ಒಡಿಶಾದ ಹುಡುಗಿಯರ ಸಾಲಿನಲ್ಲಿ ಕುಳಿತೆ. ನನ್ನ ಹಿಂದಿ ಕೇಳಿ ನಕ್ಕರು. ಅವರನ್ನೂ ಸಂಜೆ ನಿಲ್ಲಿಸಿಕೊಳ್ಳುತ್ತಾರೆ, ಹಾಸ್ಟೆಲ್ ಹತ್ತಿರವೇ ಇದೆ ಎಂಬ ನೆಪ ಹೇಳಿ ಒಂದೂವರೆ ಗಂಟೆ. ಅದು ನನಗೆ ಗೊತ್ತಿರಲಿಲ್ಲ.

ಭಾನುವಾರ ನಮ್ಮ ಮನೆಯಲ್ಲೇ ಎಂದು ಅಕ್ಕನಿಗೆ ಹೇಳಿದ್ದೇನೆ. ಎಂಟು ಮಂದಿ ಬರುತ್ತಾರೋ ಇಬ್ಬರು ಬರುತ್ತಾರೋ ಗೊತ್ತಿಲ್ಲ. ಸಹಿ ಹಾಕಿದರೂ ಹಾಕದಿದ್ದರೂ ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ದಯವಿಟ್ಟು ಯಾರೂ ತಪ್ಪು ತಿಳಿಯಬಾರದು.